ಹನಿಯನ್ನು ನಿಲ್ಲಿಸುವುದು ಶಟರ್ ಅಲ್ಲ

ನೀರಿನ ಹನಿಯ ಫೋಟೋ ನೋಡಿದವರೆಲ್ಲ ಕೇಳುವುದು ಒಂದೇ: "ಶಟರ್ ಸ್ಪೀಡ್ ಎಷ್ಟಿಟ್ಟಿದ್ರಿ?" ಅಂದರೆ, ಕ್ಯಾಮೆರಾದ ಪರದೆ ಎಷ್ಟು ಹೊತ್ತು ತೆರೆದಿತ್ತು ಎಂದು. 1/200 ಸೆಕೆಂಡ್ ಎನ್ನುತ್ತೇನೆ. "ಇಲ್ಲ, ನಿಜ ಹೇಳಿ, 1/8000 ಇರಬೇಕಲ್ವಾ?" ಏನೋ ಗುಟ್ಟು ಮುಚ್ಚಿಡುತ್ತಿದ್ದೇನೆ ಎಂಬ ಆ ಧಾಟಿಗೇ ನನಗೆ ಸಿಟ್ಟು. ಇನ್ನು ಬಾಯಲ್ಲಿ ಹೇಳುವುದಿಲ್ಲ, ಇಲ್ಲೇ ಓದಿಕೊಳ್ಳಿ.

40 ಸೆಂ.ಮೀ. ಎತ್ತರದಿಂದ ಬಿದ್ದ ಹನಿ ನೀರು ಮುಟ್ಟುವಾಗ ಸೆಕೆಂಡಿಗೆ 2.8 ಮೀಟರ್ ವೇಗದಲ್ಲಿರುತ್ತದೆ. 1/200 ಸೆಕೆಂಡಿನಲ್ಲಿ ಅದು 14 ಮಿ.ಮೀ. ಸಾಗುತ್ತದೆ; 1/4000ರಲ್ಲೂ 0.7 ಮಿ.ಮೀ. ನಾಲ್ಕೈದು ಮಿ.ಮೀ. ದಪ್ಪದ ಹನಿಯ ಅಂಚು ಕಲಸಿಹೋಗಲು ಅಷ್ಟು ಸಾಕು. ಶಟರ್ ಏರಿಸಿ ಗೆಲ್ಲುವ ಆಟವಲ್ಲ ಇದು. ಹನಿಯನ್ನು ನಿಲ್ಲಿಸುವುದು ಫ್ಲ್ಯಾಶ್: ಕತ್ತಲ ಕೋಣೆಯಲ್ಲಿ ಶಟರ್ ತೆರೆದೇ ಇದ್ದರೂ ಚಿತ್ರಕ್ಕೆ ಬರುವುದು ಫ್ಲ್ಯಾಶ್ ಬೆಳಗಿದ ಕ್ಷಣ ಮಾತ್ರ. ಕ್ಯಾಮೆರಾದ ಮೇಲೆ ಕೂರುವ ಸಾಮಾನ್ಯ ಫ್ಲ್ಯಾಶ್ ಪೂರ್ತಿ ಪವರ್‌ನಲ್ಲಿ ಹೆಚ್ಚುಕಡಿಮೆ 1/1000 ಸೆಕೆಂಡ್ ಬೆಳಗಿದರೆ, 1/64 ಪವರ್‌ನಲ್ಲಿ 1/20,000ರ ಆಸುಪಾಸು. ಅಷ್ಟರಲ್ಲಿ ಹನಿ ಜಾರುವುದು 0.14 ಮಿ.ಮೀ. ಮಾತ್ರ. ಹಾಗಾಗಿ ಪವರ್ ಇಳಿಸಿ. ಬೆಳಕು ಸಾಲದಿದ್ದರೆ ಫ್ಲ್ಯಾಶ್ ಹತ್ತಿರ ತನ್ನಿ, ಇಲ್ಲವೇ ಇನ್ನೊಂದು ಸೇರಿಸಿ. ಹೈಸ್ಪೀಡ್ ಸಿಂಕ್ (ಶಟರ್ ತುಂಬ ವೇಗವಾಗಿದ್ದಾಗ ಫ್ಲ್ಯಾಶನ್ನು ಒಂದೇ ಮಿಂಚಿನ ಬದಲು ಉದ್ದಕ್ಕೆ ಬೆಳಗಿಸುವ ವಿಧಾನ) ಬೇಡವೇ ಬೇಡ. ಹಳೆಯ ಸ್ಟುಡಿಯೋ ಲೈಟುಗಳಲ್ಲಿ ಹಲವು ಇದಕ್ಕೆ ತಿರುಗುಮುರುಗು: ಪವರ್ ಇಳಿಸಿದಷ್ಟೂ ಮಿಂಚು ಉದ್ದವಾಗುತ್ತದೆ. ಮೊಬೈಲಿನ ಎಲ್‌ಇಡಿ ಮಿಂಚುವುದೇ ಇಲ್ಲ, ಸುಮ್ಮನೆ ಉರಿಯುತ್ತದೆ.

ಕೋಣೆ ಎಷ್ಟು ಕತ್ತಲಿರಬೇಕು? ಶಟರ್ 1/200, ಲೆನ್ಸಿನ ಕಿಂಡಿ ಎಫ್/11, ಬೆಳಕಿನ ಸಂವೇದನೆ ಐಎಸ್‌ಒ 200 ಇಟ್ಟು ಫ್ಲ್ಯಾಶ್ ಇಲ್ಲದೆ ಒಂದು ಕ್ಲಿಕ್ ಮಾಡಿ. ಚಿತ್ರ ಪೂರ್ತಿ ಕಪ್ಪು ಬಂದರೆ ಸಾಕು.

ಹನಿಗೆ ಮೆಡಿಕಲ್ ಶಾಪಿನಲ್ಲಿ ಸಿಗುವ, ಸಲೈನ್ ಏರಿಸುವ ಡ್ರಿಪ್ ಸೆಟ್ಟಿಗಿಂತ ಒಳ್ಳೆಯದಿಲ್ಲ. ಚಕ್ರ ತಿರುಗಿಸಿ ಸೆಕೆಂಡಿಗೊಂದು ಹನಿಗೆ ನಿಲ್ಲಿಸಿ. ಕೆಳಗೆ ಕಪ್ಪು ಟ್ರೇ, ಅಂಚಿನವರೆಗೂ ನೀರು, ಇಲ್ಲದಿದ್ದರೆ ಟ್ರೇಯ ಅಂಚು ಚಿತ್ರಕ್ಕೆ ಬರುತ್ತದೆ. ಹನಿ ಬಿದ್ದಲ್ಲಿಂದ ನೀರಿನ ಕಂಬ ಮೇಲೇಳಬೇಕಾದರೆ ಎರಡು ಮೂರು ಸೆಂ.ಮೀ. ಆಳ ಬೇಕು. ಟ್ರೇಯಲ್ಲಿ ಪಾತ್ರೆ ಸೋಪಿನ ಪಸೆ ಉಳಿದಿದ್ದರೂ ನೀರಿನ ಮೇಲ್ಮೈ ಸೆಳೆತ ಕಡಿಮೆಯಾಗಿ ಆಕಾರ ಕೆಡುತ್ತದೆ, ಚೆನ್ನಾಗಿ ತೊಳೆಯಿರಿ. ಹನಿ ಬೀಳುವ ಜಾಗದಲ್ಲಿ ಒಂದು ಸ್ಕ್ರೂ ನಿಲ್ಲಿಸಿ, ಅದಕ್ಕೆ ಮ್ಯಾನ್ಯುವಲ್ ಫೋಕಸ್ ಮಾಡಿ, ಆಮೇಲೆ ಸ್ಕ್ರೂ ತೆಗೆದುಬಿಡಿ. ಫ್ಲ್ಯಾಶಿಗೆ ಪ್ಲಾಸ್ಟಿಕ್ ಕವರ್ ಹಾಕಿ, ನೀರು ಎಲ್ಲಿಗೆ ಬೇಕಾದರೂ ಸಿಡಿಯುತ್ತದೆ.

ಹನಿ ನೀರು ಮುಟ್ಟಿದ್ದನ್ನು ನೋಡಿ ಗುಂಡಿ ಒತ್ತಿದರೆ ಕೈ ತಡವಾಗುತ್ತದೆ. 40 ಸೆಂ.ಮೀ. ಬೀಳಲು 0.29 ಸೆಕೆಂಡ್, ಕಣ್ಣಿನಿಂದ ಬೆರಳಿಗೆ ಸುಮಾರು 0.2 ಹೋಗಿಬಿಡುತ್ತದೆ. ಕಣ್ಣು ನಳಿಕೆಯ ತುದಿಯಲ್ಲಿರಲಿ, ಹನಿ ಕಳಚಿದಾಗ ಒತ್ತಿ. ಹನಿ ಒಂದೇ ತಾಳದಲ್ಲಿ ಬೀಳುತ್ತಿದ್ದರೆ ಬೆರಳು ಬೇಗ ಹೊಂದಿಕೊಳ್ಳುತ್ತದೆ.

ಇಷ್ಟೆಲ್ಲ ಕೇಳುವವರು, ಹನಿಯೊಳಗಿನ ಬಣ್ಣ ಎಲ್ಲಿಂದ ಬಂತು ಎಂದು ಮಾತ್ರ ಕೇಳುವುದಿಲ್ಲ. ನನಗೆ ಹೇಳಲು ಆಸೆಯಿರುವುದೇ ಅದು. ನೀರಿಗೆ ಬಣ್ಣ ಹಾಕಿಲ್ಲ. ಹನಿ ಒಂದು ಪುಟ್ಟ ಲೆನ್ಸ್. ಹಿಂದಿರುವುದನ್ನು ತಲೆಕೆಳಗು ಮಾಡಿ ತೋರಿಸುತ್ತದೆ. ಹಿಂದಿನ ಕಾಗದದ ಮೇಲ್ಭಾಗ ಕೆಂಪು, ಕೆಳಭಾಗ ಹಸಿರು ಇದ್ದರೆ ಹನಿಯಲ್ಲಿ ಹಸಿರು ಮೇಲೆ. ಆದ್ದರಿಂದ ಫ್ಲ್ಯಾಶ್ ಹನಿಯತ್ತ ತಿರುಗಿಸಬೇಡಿ; ಹಿಂದೆ ಬಣ್ಣದ ಬಟರ್ ಪೇಪರ್ ಕಟ್ಟಿ, ಅದರ ಹಿಂದಿನಿಂದ ಹೊಡೆಯಿರಿ. ಹನಿ ತುಂಬ ಅಗಲಕ್ಕೆ ನೋಡುತ್ತದೆ, ಕಾಗದ ಚಿಕ್ಕದಾದರೆ ಹನಿಯ ಸುತ್ತ ದಪ್ಪ ಕಪ್ಪು ಅಂಚು ಬರುತ್ತದೆ. ಎ3 ಹಾಳೆ, ಹನಿಯಿಂದ 30 ಸೆಂ.ಮೀ. ಹಿಂದೆ. ಅಲ್ಲಿಂದ ಮುಂದೆ ಕಾಗದವನ್ನು ಹತ್ತಿರ, ದೂರ ಸರಿಸುತ್ತಾ ಆ ಅಂಚು ತೆಳುವಾಗುವುದನ್ನು ನೋಡಿ.