ಸ್ಟೇಷನ್ ದಾಟಿದ ಮೇಲೆ

2022ರ ಮಾರ್ಚ್. ರಷ್ಯಾ ಉಕ್ರೇನ್ ಮೇಲೆ ದಾಳಿ ಶುರುಮಾಡಿ ಇನ್ನೂ ತಿಂಗಳಾಗಿರಲಿಲ್ಲ. ಪೋಲೆಂಡ್ ಕಡೆಯಿಂದ ಬರ್ಲಿನ್ನಿನ ಮುಖ್ಯ ಸ್ಟೇಷನ್ನಿಗೆ ಬರುವ ರೈಲುಗಳು ತುಂಬಿ ತುಳುಕುತ್ತಿದ್ದವು. ಸಹಾಯಕ್ಕೆ ಹೋದವರಲ್ಲಿ ರಷ್ಯನ್, ಉಕ್ರೇನಿಯನ್ ಬಲ್ಲವರಿಗೆ ಕಿತ್ತಳೆ ಬಣ್ಣದ ವೆಸ್ಟ್. ಇಂಗ್ಲಿಷ್ ಮತ್ತು ಅರೆಬರೆ ಜರ್ಮನ್ ಬಿಟ್ಟರೆ ಬೇರೇನೂ ಬಾರದ ನನಗೆ ಹಳದಿ. ಹಳದಿಯವರ ಕೆಲಸ ಅಂದ್ರೆ ಸೂಟ್‌ಕೇಸ್ ಎತ್ತುವುದು, ದಾರಿ ತೋರಿಸುವುದು, ಕಿತ್ತಳೆಯವರನ್ನು ಹುಡುಕಿ ಕರೆತರುವುದು.

ಇಳಿದವರಲ್ಲಿ ಹೆಂಗಸರು, ಮಕ್ಕಳು, ಮುದುಕರೇ ಜಾಸ್ತಿ. 18ರಿಂದ 60 ವರ್ಷದ ಹೆಚ್ಚಿನ ಗಂಡಸರು ದೇಶ ಬಿಡುವಂತಿರಲಿಲ್ಲ. ಮಕ್ಕಳನ್ನು ಒಂದು ಕೈಯಲ್ಲಿ, ಬೆಕ್ಕಿನ ಬುಟ್ಟಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಇಳಿಯುತ್ತಿದ್ದರು. ಊರಿನ ಜನ ರಟ್ಟಿನ ಮೇಲೆ 'ತಾಯಿ, ಮಗುವಿಗೆ ಕೋಣೆ ಇದೆ' ಅಂತ ಬರೆದು ಎತ್ತಿ ಹಿಡಿದು ನಿಂತಿದ್ದರು. ನೋಡಿದರೆ ಕಣ್ಣು ತುಂಬುತ್ತಿತ್ತು, ನಿಜ. ಆದರೆ ಒಂಟಿ ಹೆಂಗಸರು ಗುರುತಿಲ್ಲದ ಗಂಡಸರ ಜೊತೆ ಹೋಗಬಾರದು ಅಂತ ಪೊಲೀಸರು ಎಚ್ಚರಿಸುತ್ತಲೂ ಇದ್ದರು. ಮುಖ ನೋಡಿ ಯಾರು ಎಂಥವರು ಅಂತ ಹೇಳೋಕಾಗುತ್ತಾ? ಹೆಸರು, ಗುರುತಿನ ಚೀಟಿ ಬರೆಸಿಕೊಂಡೇ ಕಳಿಸಬೇಕು. ಬರೀ ಒಳ್ಳೆ ಮನಸ್ಸಿನಿಂದ ಊರು ನಡೆಯಲ್ಲ.

ನನ್ನ ಪಕ್ಕ ಹಳದಿ ವೆಸ್ಟಿನಲ್ಲೇ ಒಬ್ಬ ಸಿರಿಯಾದ ಹುಡುಗ ಇದ್ದ. 2015ರಲ್ಲಿ ಯುದ್ಧ ತಪ್ಪಿಸಿಕೊಂಡು ಬಂದವನು. "ಆಗಲೂ ಸ್ಟೇಷನ್ನಿನಲ್ಲಿ ಜನ ಚಪ್ಪಾಳೆ ತಟ್ಟಿದ್ರು. ಆಮೇಲೆ ಹೆಸರು ಬರೆಸೋಕೆ ಕಚೇರಿ ಮುಂದೆ ರಾತ್ರಿಯೆಲ್ಲ ಚಳಿಯಲ್ಲಿ ನಿಂತೆ. ಕೆಲಸ ಮಾಡಬೇಕು ಅಂದ್ರೆ ತಿಂಗಳುಗಟ್ಟಲೆ ಕಾಯಬೇಕಿತ್ತು" ಅಂದ. ಉಕ್ರೇನಿನವರಿಗೆ ಹಾಗಾಗಲಿಲ್ಲ. 2001ರಲ್ಲೇ ಬರೆದಿಟ್ಟಿದ್ದ ತಾತ್ಕಾಲಿಕ ರಕ್ಷಣೆಯ ನಿಯಮವನ್ನು ಯುರೋಪಿಯನ್ ಒಕ್ಕೂಟ 2022ರ ಮಾರ್ಚ್ 4ರಂದು ಮೊದಲ ಸಲ ಜಾರಿಗೆ ತಂದಿತು. ಒಬ್ಬೊಬ್ಬರೂ ಆಶ್ರಯಕ್ಕೆ ಅರ್ಜಿ ಹಾಕಿ ವಿಚಾರಣೆಗೆ ಕಾಯಬೇಕಿಲ್ಲ. ಇರಲು, ದುಡಿಯಲು, ಮಕ್ಕಳನ್ನು ಶಾಲೆಗೆ ಸೇರಿಸಲು ಹಕ್ಕಿದೆ. ಅದೇ ಯುದ್ಧದಿಂದ ಓಡಿಬಂದ ಬೇರೆ ದೇಶದ ವಿದ್ಯಾರ್ಥಿಗಳಿಗೆ ಮಾತ್ರ ಈ ರಕ್ಷಣೆ ತಾನಾಗಿ ಸಿಗಲಿಲ್ಲ. ಬಾಂಬು ಪಾಸ್‌ಪೋರ್ಟ್ ನೋಡಿ ಬೀಳುತ್ತಾ? ಆ ಹುಡುಗನಿಗೆ ಹೊಟ್ಟೆಕಿಚ್ಚು ಇರಲಿಲ್ಲ. ನನಗೇ ಸಿಟ್ಟು ಬಂತು, ಯಾಕಂದ್ರೆ ಮನಸ್ಸು ಮಾಡಿದರೆ ಆಗುತ್ತೆ ಅಂತ ಅವತ್ತು ಗೊತ್ತಾಯಿತು.

ಅವತ್ತು ನಾನು ಬಸ್ಸಿನವರೆಗೆ ಬಿಟ್ಟು ಬಂದ ತಾಯಿ, ಮಗನ ಪರಿಚಯ ಹಾಗೇ ಉಳಿಯಿತು. ಆಕೆ ಊರಲ್ಲಿ ಲೆಕ್ಕಪತ್ರ ನೋಡುತ್ತಿದ್ದವರು. ಇಲ್ಲಿ ಮೊದಲು 600 ಗಂಟೆ ಭಾಷೆ, ಆಮೇಲೆ ದೇಶದ ಕಾನೂನು, ಇತಿಹಾಸ ಅಂತ 100 ಗಂಟೆ ಪಾಠ. ಮಗನಿಗೆ ಹೊಸಬರಿಗೆಂದೇ ಇರುವ 'ಸ್ವಾಗತ ತರಗತಿ'ಯಲ್ಲಿ ಸೀಟು ಸಿಗುವುದು ತಡವಾಯಿತು. ಸಿಕ್ಕಿದ್ದೇ ತಡ, ಅಮ್ಮನಿಗಿಂತ ಬೇಗ ಜರ್ಮನ್ ಕಲಿತ. ಕಚೇರಿಗೆ ಹೋದಾಗ ಅಧಿಕಾರಿ ಹೇಳಿದ್ದನ್ನು ಅಮ್ಮನಿಗೆ ಅವನೇ ತಿಳಿಸಿ ಹೇಳುತ್ತಿದ್ದ. ಮಕ್ಕಳ ತಲೆಗೆ ಇಷ್ಟು ಭಾರ ಬರಬಾರದು ಅನ್ನಿಸಿತು.

ಮನೆಯದೇ ದೊಡ್ಡ ಪಾಡು. ವಿಳಾಸ ನೋಂದಾಯಿಸಬೇಕಾದರೆ ಮನೆ ಕೊಟ್ಟವರ ಸಹಿ ಇರುವ ಕಾಗದ ಬೇಕು. ಮುಚ್ಚಿದ್ದ ಟೇಗೆಲ್ ವಿಮಾನ ನಿಲ್ದಾಣವನ್ನು ಆಗಮನ ಕೇಂದ್ರ ಮಾಡಿದ್ದರು. ಕೆಲವೇ ದಿನ ಇರಲೆಂದು ಮಾಡಿದ ಜಾಗದಲ್ಲಿ ಜನ ತಿಂಗಳುಗಟ್ಟಲೆ ಉಳಿದರು. ಈ ತಾಯಿ, ಮಗನಿಗೆ ಕೋಣೆ ಕೊಟ್ಟವರು ಒಳ್ಳೆಯವರೇ. ಆದರೆ ಒಂದೇ ಅಡುಗೆಮನೆಯಲ್ಲಿ ಎರಡು ಸಂಸಾರ ಎಷ್ಟು ದಿನ ನಡೆಯುತ್ತೆ, ಅಲ್ವಾ? ಬರ್ಲಿನ್ನಿನಲ್ಲೇ ಹುಟ್ಟಿದವರಿಗೂ ಬಾಡಿಗೆ ಮನೆ ಸಿಗಲ್ಲ. ಆಕೆ ಮನೆ ನೋಡಲು ಹೋದಲ್ಲೆಲ್ಲ ಮೆಟ್ಟಿಲವರೆಗೂ ಸಾಲು, ಸಾಲಿನಲ್ಲಿ ನಿಂತವರಲ್ಲಿ ಅರ್ಧ ಜನ ಸಂಬಳದ ಚೀಟಿ ಹಿಡಿದ ಜರ್ಮನ್ನರು.