ಕೆಲಸ ಹೋದರೆ ಸಂಸಾರದಲ್ಲಿ ಮೋಸವೂ ಜಾಸ್ತಿ ಆಗುತ್ತಾ?

ದಂಪತಿಗಳಿಗೆ ಆಪ್ತಸಲಹೆ ಕೊಡುವುದು ನನ್ನ ಕೆಲಸ. ಐಟಿಯಲ್ಲಿ ಲೇಆಫ್ ಸುದ್ದಿ ಬಂದಾಗಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ: "ಮೇಡಂ, ದುಡ್ಡಿನ ಕಷ್ಟ ಬಂದರೆ ಗಂಡಸರು ದಾರಿ ತಪ್ಪುತ್ತಾರಂತೆ, ಹೌದಾ?"

ಕಷ್ಟ ಬಂತು ಅಂತ ಯಾರೂ ಸುಮ್ನೆ ಬೇರೆ ಸಂಬಂಧಕ್ಕೆ ಹೋಗುವುದಿಲ್ಲ. ಯಾರ ಸಂಬಳ ನಿಂತಿತು, ಆಮೇಲೆ ಅವರಿಗೆ ತಮ್ಮ ಬಗ್ಗೆ ಏನನ್ನಿಸಿತು ಅನ್ನುವುದನ್ನು ನೋಡಬೇಕು. ಅಮೆರಿಕದ ಸಮಾಜಶಾಸ್ತ್ರಜ್ಞೆ ಕ್ರಿಸ್ಟಿನ್ ಮಂಶ್ 2,750ಕ್ಕೂ ಹೆಚ್ಚು ವಿವಾಹಿತರ ಮಾಹಿತಿ ಇಟ್ಟುಕೊಂಡು 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಎಲ್ಲರೂ 18ರಿಂದ 32 ವಯಸ್ಸಿನವರು. ಪೂರ್ತಿ ಹೆಂಡತಿಯ ದುಡಿಮೆಯ ಮೇಲಿರುವ ಗಂಡ ಒಂದು ವರ್ಷದಲ್ಲಿ ಮೋಸ ಮಾಡುವ ಸಾಧ್ಯತೆ ಸುಮಾರು ಶೇ. 15. ಗಂಡನ ದುಡಿಮೆಯ ಮೇಲಿರುವ ಹೆಂಡತಿಯದು ಸುಮಾರು ಶೇ. 5. ಮನೆಯನ್ನು ತಾವೇ ನಡೆಸುವ ಹೆಂಗಸರಲ್ಲಿ ಇನ್ನೂ ಕಡಿಮೆ. ಅಂದರೆ ಕೈ ಖಾಲಿಯಾದ ಗಂಡಸರಲ್ಲೂ ಒಂದು ವರ್ಷದಲ್ಲಿ ನೂರಕ್ಕೆ ಸುಮಾರು 85 ಮಂದಿ ನೆಟ್ಟಗೇ ಇರುತ್ತಾರೆ. ಕೆಲಸ ಹೋಗಿದ್ದನ್ನು ಯಾರೂ ನೆಪ ಮಾಡಿಕೊಳ್ಳಬಾರದು.

ನಾನು ಕಂಡ ಒಂದು ಸಂಸಾರದ ಕಥೆ ಹೇಳುತ್ತೇನೆ, ಗುರುತು ಬಿಟ್ಟು. ಗಂಡನಿಗೆ ಕೆಲಸ ಹೋಗಿತ್ತು. ಮನೆಯಲ್ಲಿ ಹೇಳಲಿಲ್ಲ. ದಿನಾ ಬೆಳಿಗ್ಗೆ ಲ್ಯಾಪ್‌ಟಾಪ್ ಬ್ಯಾಗು, ಊಟದ ಡಬ್ಬಿ ಹಿಡಿದು ಹೊರಡುತ್ತಿದ್ದರು. ಪಾರ್ಕಿನ ಬೆಂಚಿನಲ್ಲಿ ಕೂತು ಡಬ್ಬಿ ಖಾಲಿ ಮಾಡಿ ಸಂಜೆ ವಾಪಸ್. ಪರ್ಸನಲ್ ಲೋನ್ ತೆಗೆದು, ಸಂಬಳದ ದಿನ ಹೆಂಡತಿಯ ಅಕೌಂಟಿಗೆ ದುಡ್ಡು ಹಾಕುತ್ತಿದ್ದರು. ನಿಜ ಗೊತ್ತಿದ್ದದ್ದು ಅವರ ಜೊತೆಗೇ ಕೆಲಸ ಕಳೆದುಕೊಂಡ ಒಬ್ಬ ಸಹೋದ್ಯೋಗಿಗೆ ಮಾತ್ರ. ಆಕೆಯ ಮುಂದೆ ನಾಟಕ ಬೇಕಿರಲಿಲ್ಲ. ಸಲುಗೆ ಅಲ್ಲಿಂದಲೇ ಬೆಳೆಯಿತು. ಕೊನೆಗೆ ಹೆಂಡತಿ ನನ್ನ ಮುಂದೆ ಅತ್ತಿದ್ದು, "ಅವಳಿಗೆ ಹೇಳಿದ್ದನ್ನು ನನಗೆ ಯಾಕೆ ಹೇಳಲಿಲ್ಲ?" ಅಂತ.

"ಆರ್ಥಿಕ ಕುಸಿತದಲ್ಲಿ ಡಿವೋರ್ಸ್ ಕಮ್ಮಿ ಆಗುತ್ತಲ್ಲ, ಒಳ್ಳೇದೇ ಅಲ್ವಾ?" ಅಂತಲೂ ಕೇಳುತ್ತಾರೆ. 2008ರ ಕುಸಿತದಲ್ಲಿ ಅಮೆರಿಕದಲ್ಲಿ ಹಾಗಾಗಿದ್ದು ನಿಜ. ನನಗೆ ಅದರಿಂದ ಸಮಾಧಾನವಿಲ್ಲ. ವಕೀಲರ ಫೀಸು ಯಾರು ಕೊಡಬೇಕು? ಎರಡು ಮನೆ ಬಾಡಿಗೆ ಎಲ್ಲಿಂದ ತರಬೇಕು? ಮಾರೋಣವೆಂದರೆ ಎಷ್ಟೋ ಜನರ ಮನೆಯ ಬೆಲೆ ಸಾಲಕ್ಕಿಂತ ಕೆಳಗೆ ಇಳಿದಿತ್ತು. ಬೇರೆಯಾಗಲು ದುಡ್ಡಿಲ್ಲದೆ ಉಳಿದವರೂ ಆ ಲೆಕ್ಕದಲ್ಲಿದ್ದಾರೆ.

ಕೆಲಸ ಹೋದ ಗಂಡನ ಮೊಬೈಲ್ ನೋಡಬೇಕಾ ಅಂತ ಕೇಳುವ ಹೆಂಗಸರಿಗೆ ಬೇಡ ಅನ್ನುತ್ತೇನೆ. ಬ್ಯಾಂಕ್ ಪಾಸ್‌ಬುಕ್ಕು, ಇಎಂಐ, ಮಕ್ಕಳ ಫೀಸು ಎಲ್ಲ ಮುಂದಿಟ್ಟುಕೊಂಡು ಇಬ್ಬರೂ ಕೂತು ಲೆಕ್ಕ ಹಾಕಿ. ಆ ಹೊತ್ತಿನಲ್ಲಿ ದಯವಿಟ್ಟು ಅವರನ್ನು ಪಕ್ಕದ ಮನೆಯವರ ಜೊತೆ ಹೋಲಿಸಬೇಡಿ. ಗಂಡಂದಿರೇ, ಲೇಆಫ್ ಮೇಲ್ ಬಂದ ಸಂಜೆಯೇ ಮನೆಯಲ್ಲಿ ಹೇಳಿಬಿಡಿ.