36 ಗಂಟೆಗಳ ಹೆಮ್ಮೆ

“ನಾಲ್ಕೂವರೆ ಗಂಟೆ ಗಾಡಿ ಓಡಿಸಿದ ಮೇಲೆ ನಾವು 45 ನಿಮಿಷ ವಿರಮಿಸಲೇಬೇಕೆಂಬ ಕಾನೂನಿತ್ತು. ನಿಮ್ಮನ್ನು ಅಷ್ಟು ಹೊತ್ತು ರೋಗಿಗಳ ಬಳಿ ಹೇಗೆ ಬಿಟ್ಟರು?” ಎಂದು ಇಲ್ಲಿ, ಇಂಗ್ಲೆಂಡಿನಲ್ಲಿ, ನಮ್ಮ ಪಕ್ಕದ ಮನೆಯ ನಿವೃತ್ತ ಲಾರಿ ಚಾಲಕರು ಮೊನ್ನೆ ಕೇಳಿದರು. ಭಾರತದಲ್ಲಿ ವೈದ್ಯಕೀಯ ಸ್ನಾತಕೋತ್ತರ ಪದವಿ (ಪಿಜಿ) ಮಾಡುವಾಗ ಸತತ 36 ಗಂಟೆ ಡ್ಯೂಟಿ ಮಾಡುತ್ತಿದ್ದೆವೆಂದು ನಾನು ಹೆಮ್ಮೆಯಿಂದ ಹೇಳಿದ್ದೆ. ಅವರಿಗೆ ನನ್ನ ಮೇಲೆ ಮೆಚ್ಚುಗೆ ಮೂಡಲಿಲ್ಲ, ಆ ರೋಗಿಗಳ ಬಗ್ಗೆ ಕಳವಳ ಹುಟ್ಟಿತು.

ಅವರ ಮಾತು ನೋಯಿಸಿತು, ಏಕೆಂದರೆ ಅದು ಸರಿಯಾಗಿತ್ತು. ನಿದ್ದೆಗೆಟ್ಟು ದುಡಿಯುವುದೇ ಒಳ್ಳೆಯ ವೈದ್ಯರ ಲಕ್ಷಣವೆಂದು ಹಿರಿಯರಿಂದ ಕಲಿತು ಕಿರಿಯರಿಗೆ ದಾಟಿಸುತ್ತ ಬಂದವರು ನಾವು. ಆದರೆ 17 ಗಂಟೆ ಎಚ್ಚರವಿದ್ದವರ ಚುರುಕುತನವು ರಕ್ತದಲ್ಲಿ ಶೇ 0.05ರಷ್ಟು ಮದ್ಯಸಾರವಿರುವವರ ಮಟ್ಟಕ್ಕೆ ಇಳಿಯುತ್ತದೆಂದು 1997ರಲ್ಲೇ ಪ್ರಕಟವಾದ ಪ್ರಯೋಗವೊಂದು ತೋರಿಸಿತ್ತು. 2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ತೀವ್ರ ನಿಗಾ ಘಟಕದ ಇಂಟರ್ನ್‌ಗಳು ಕಡಿತಗೊಳಿಸಿದ ಪಾಳಿಗಿಂತ ಹಳೆಯ ದೀರ್ಘ ಪಾಳಿಯಲ್ಲಿ ಶೇ 36ರಷ್ಟು ಹೆಚ್ಚು ಗಂಭೀರ ತಪ್ಪುಗಳನ್ನು ಮಾಡಿದ್ದರು. ನಾನು ಕಂಡಂತೆ, ದಣಿದ ವೈದ್ಯರ ಕೈ ಅಭ್ಯಾಸಬಲದಿಂದ ಕೆಲಸ ಮಾಡುತ್ತಲೇ ಇರುತ್ತದೆ. ರೋಗಿಗೆ ಕೇಳಬೇಕಾದ ಎರಡನೆಯ ಪ್ರಶ್ನೆ, ಔಷಧದ ಪ್ರಮಾಣವನ್ನು ಮತ್ತೊಮ್ಮೆ ಓದುವ ವ್ಯವಧಾನ, ನರ್ಸ್ ವ್ಯಕ್ತಪಡಿಸಿದ ಅನುಮಾನಕ್ಕೆ ಸಿಡುಕದೆ ಕಿವಿಗೊಡುವ ತಾಳ್ಮೆ ಮೊದಲು ಹೋಗುತ್ತವೆ.

ಇಲ್ಲಿನ ಆಸ್ಪತ್ರೆಗಳೇನೂ ಸ್ವರ್ಗವಲ್ಲ. ಖಾಲಿ ಹುದ್ದೆಗಳಿವೆ, ಕಿರಿಯ ವೈದ್ಯರು ಮತ್ತೆಮತ್ತೆ ಮುಷ್ಕರ ಹೂಡಿದ್ದಾರೆ. ಆದರೂ ತರಬೇತಿಯಲ್ಲಿರುವ ವೈದ್ಯರ ಒಂದು ಪಾಳಿ 13 ಗಂಟೆ ಮೀರುವಂತಿಲ್ಲ, ತಾವಾಗಿಯೇ ಒಪ್ಪಿ ಬರೆದುಕೊಡದ ಹೊರತು ವಾರದ ಸರಾಸರಿ 48 ಗಂಟೆ ದಾಟುವಂತಿಲ್ಲ. ಗೊತ್ತುಪಡಿಸಿದ ಅವಧಿಗಿಂತ ಹೆಚ್ಚು ದುಡಿದವರು ವರದಿ ಸಲ್ಲಿಸಬಹುದು; ಅದನ್ನು ನೋಡಿಕೊಳ್ಳಲೆಂದೇ ನೇಮಕವಾದ ಅಧಿಕಾರಿಯೊಬ್ಬರಿದ್ದು, ಕೆಲವು ಉಲ್ಲಂಘನೆಗಳಿಗೆ ದಂಡವನ್ನೂ ವಿಧಿಸುತ್ತಾರೆ. ಎಲ್ಲರೂ ಧೈರ್ಯವಾಗಿ ಬರೆಯುತ್ತಾರೆಂದಲ್ಲ, ಆದರೆ ಬರೆಯಲು ಜಾಗವಿದೆ.

ಭಾರತದಲ್ಲಿ ಇಂಥ ನಿಯಮವೇ ಇಲ್ಲವೆಂದು ಪಕ್ಕದ ಮನೆಯವರು ಭಾವಿಸಿದರು. ಆಸ್ಪತ್ರೆಯಲ್ಲಿ ದುಡಿಯುತ್ತಲೇ ತರಬೇತಿ ಪಡೆಯುವ ವೈದ್ಯರಿಗಾಗಿ ಕೇಂದ್ರ ಸರ್ಕಾರ ರೂಪಿಸಿದ 1992ರ ರೆಸಿಡೆನ್ಸಿ ಯೋಜನೆಯಲ್ಲಿ ಸಾಮಾನ್ಯವಾಗಿ ವಾರಕ್ಕೆ 48 ಗಂಟೆ, ಒಂದೇ ಸಮನೆ 12 ಗಂಟೆ ಎಂಬ ಮಿತಿಯಿದೆಯೆಂದು ವಿವರಿಸಿದೆ. “ಹಾಗಾದರೆ ಅದನ್ನು ಯಾರು ಪರಿಶೀಲಿಸುತ್ತಾರೆ?” ಎಂದು ಅವರು ಮತ್ತೆ ಕೇಳಿದರು. ಡ್ಯೂಟಿ ಪಟ್ಟಿ ಹಾಕುವವರು ವಿಭಾಗದ ಮುಖ್ಯಸ್ಥರು, ಪಿಜಿ ವಿದ್ಯಾರ್ಥಿಯ ಪ್ರಬಂಧಕ್ಕೆ ಸಹಿ ಹಾಕಬೇಕಾದವರೂ ಅವರೇ, ಪರೀಕ್ಷೆಯ ದಿನ ಪರೀಕ್ಷಕರಾಗಿ ಎದುರಿಗೆ ಕೂರುವವರೂ ಅವರೇ ಆಗಿರಬಹುದು ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ.